ಮೋಟಾರು ಮೋಹವೂ ವಾಹನ ಪರಿಮಾಣವೂ

ಹೊಸ ಮೋಟಾರು ಕಾರೊಂದು ಮನೆಯಂಗಳಕ್ಕೆ ಬಂದ ದಿನ ಆ ಮನೆಯವರ ಮುಖಗಳನ್ನು ಕಂಡವರಿಗೆ, ಅದು ಕೇವಲ ಕಬ್ಬಿಣ, ಗಾಜು, ರಬ್ಬರುಗಳ ಒಂದು ಯಂತ್ರವೆಂದು ಹೇಳುವ ಧೈರ್ಯ ಬಾರದು. ಚೆಂಡುಹೂವಿನ ಮಾಲೆ ಬೀಳುತ್ತದೆ, ಮುಂಭಾಗದ ಮೇಲೆ ಕುಂಕುಮದ ಸ್ವಸ್ತಿಕ ಮೂಡುತ್ತದೆ, ಬಸದಿಯ ಮುಂದೆ ಒಂದು ಕ್ಷಣ ನಿಲ್ಲಿಸಿ ಕೈಮುಗಿಯುವುದಾಗುತ್ತದೆ. ಗಾಲಿಯಡಿ ನಿಂಬೆಹಣ್ಣು ಇಡುವುದು ನಮ್ಮ ಆಚಾರವಲ್ಲವೆಂದು ಹಿರಿಯರೊಬ್ಬರು ಗೊಣಗುತ್ತಾರೆ. ಅಷ್ಟರಲ್ಲಿ ಯಾರೋ ಇಟ್ಟುಬಿಟ್ಟಿರುತ್ತಾರೆ. ಆಸನಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ತಿಂಗಳುಗಟ್ಟಲೆ ತೆಗೆಯುವುದಿಲ್ಲ.

ಅದೇ ಮನೆಯ ಬಾವಿಯ ಮೇಲೆ ಒಂದು ನೀರೆತ್ತುವ ಪಂಪು ಇರುತ್ತದೆ. ಆ ಕುಟುಂಬದ ಅನ್ನಕ್ಕೆ ಕಾರಿಗಿಂತ ಆ ಪಂಪಿನ ಉಪಕಾರ ದೊಡ್ಡದು. ಆದರೆ ಖಂಡೇನವಮಿಯ ದಿನದ ಹೊರತು ಅದಕ್ಕೆ ಯಾರೂ ಹೂವೇರಿಸುವುದಿಲ್ಲ, ಅದರ ಪಕ್ಕದಲ್ಲಿ ನಿಂತು ಭಾವಚಿತ್ರ ತೆಗೆಸಿಕೊಳ್ಳುವುದಿಲ್ಲ. ಹಾಗಿದ್ದ ಮೇಲೆ ಮಾನವನು ಮೋಟಾರನ್ನೇ ಇಷ್ಟೊಂದು ಪ್ರೀತಿಸುವುದೇಕೆ? ಅದು ಬರಿಯ ಡೌಲೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಈ ಲೇಖಕನಿಗೆ ಆ ಉತ್ತರದಲ್ಲಿ ತೃಪ್ತಿಯಿಲ್ಲ. ಏಕೆಂದರೆ ಆ ಪ್ರೀತಿ ಇವನಲ್ಲಿಯೂ ಉಂಟು.

ಅವಶ್ಯಕತೆಯೇ ಕಾರಣವೆಂದು ಮೊದಲು ತೋರುವುದು ಸಹಜ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಊರುಗಳಲ್ಲಿ ಇಂದಿಗೂ ರೈಲು ನಿಲ್ದಾಣವಿಲ್ಲ. ಹತ್ತಿಯ ಪೇಟೆಯೆಂದು ಹೆಸರಾದ ಬೈಲಹೊಂಗಲಕ್ಕೂ, ನೇಕಾರರ ಊರಾದ ರಾಮದುರ್ಗಕ್ಕೂ ರಸ್ತೆಯೇ ಗತಿ. ಕಿತ್ತೂರಿನ ಬದಿಯಲ್ಲಿ ಪುಣೆ–ಬೆಂಗಳೂರು ಹೆದ್ದಾರಿ ಹಾಯ್ದಿದೆ. ಉಳಿದವರು ಬೆಳಗಾವಿಗೋ ಧಾರವಾಡಕ್ಕೋ ಬಸ್ಸು ಹಿಡಿಯಬೇಕು. ಆದರೆ ಅವಶ್ಯಕತೆ ಪ್ರೀತಿಗೆ ಸಮಾಧಾನವಾಗಲಾರದು. ಬಸ್ಸೂ ಅದೇ ಅವಶ್ಯಕತೆಯನ್ನು ನೀಗಿಸುತ್ತದೆ. ಬಸ್ಸನ್ನು ಯಾರೂ ಕಾರಿನಂತೆ ಪ್ರೀತಿಸುವುದಿಲ್ಲ. ಬಸ್ಸು ನಮ್ಮನ್ನು ಒಯ್ಯುತ್ತದೆ. ಕಾರನ್ನು ನಾವು ಒಯ್ಯುತ್ತೇವೆ. ಯಾರ ಅಪ್ಪಣೆಯನ್ನೂ ಕೇಳದೆ, ಯಾವ ವೇಳಾಪಟ್ಟಿಗೂ ಕಾಯದೆ, ಮನಸ್ಸು ಬಂದ ದಿಕ್ಕಿಗೆ ಮುಖ ತಿರುಗಿಸಿ ಹೊರಡಬಲ್ಲೆನೆಂಬ ಭಾವನೆಯೇ ಆ ಪ್ರೀತಿಯ ಬೇರು. ಹೊಲದ ಸಾಲದಲ್ಲಿ, ಪೇಟೆಯ ಧಾರಣೆಯಲ್ಲಿ, ಕಚೇರಿಯ ಬಾಗಿಲಿನಲ್ಲಿ ದಿನವೂ ಪರಾಧೀನನಾದವನು ತನ್ನ ಕೈಯೊಳಗಿನ ಆ ಚಕ್ರವನ್ನು ತಿರುಗಿಸುವಾಗ ಮಾತ್ರ ಸ್ವಾಧೀನನಾಗಿರುತ್ತಾನೆ. ಇದನ್ನು ಹೀನವೆಂದು ಹೇಳಲು ಮನಸ್ಸೊಪ್ಪದು. ತಾನೇ ಕಾರು ನಡೆಸಿಕೊಂಡು ತವರಿಗೆ ಹೋಗಿಬರುವ ಮಗಳನ್ನು ನೋಡಿದವರಿಗೆ ಈ ಸ್ವಾಧೀನತೆಯ ಬೆಲೆ ಗೊತ್ತು. ಅವಳ ಅಜ್ಜಿ ತವರಿಗೆ ಹೋಗಬೇಕಾದರೆ ಯಾರಾದರೂ ಬಂಡಿ ಹೂಡುವವರೆಗೆ ಕಾಯಬೇಕಾಗಿತ್ತು.

ಬಂಡಿಯ ಮಾತು ಬಂದಿತು. ಮೋಟಾರು ಮೋಹ ಪರದೇಶದಿಂದ ಬಂದ ರೋಗವೆಂದು ತಿಳಿಯುವವರು ನಮ್ಮ ಚಕ್ಕಡಿಗಳನ್ನು ಮರೆತಿದ್ದಾರೆ. ಕಾರಹುಣ್ಣಿಮೆಯ ದಿನ ಎತ್ತುಗಳ ಕೋಡಿಗೆ ಬಣ್ಣ, ಮೈಮೇಲೆ ಝೂಲ, ಕೊರಳಿಗೆ ಗೆಜ್ಜೆ ಏರುತ್ತಿದ್ದುವು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಯ ಜಾತ್ರೆಗೆ ಹೊರಟ ಚಕ್ಕಡಿಗಳ ಸಾಲಿನಲ್ಲಿ, ಯಾರ ಎತ್ತು ಮುಂದೆ, ಯಾರದು ಹಿಂದೆ ಎಂಬ ಹುರುಡು ಇಂದಿನ ಹೆದ್ದಾರಿಯ ಹುರುಡಿಗಿಂತ ಕಡಿಮೆಯದಾಗಿರಲಿಲ್ಲ. ಗೆಜ್ಜೆಯ ಸಪ್ಪಳದಿಂದಲೇ ಇದು ಇಂಥವರ ಮನೆಯ ಜೋಡಿಯೆಂದು ಹೇಳುತ್ತಿದ್ದ ಹುಡುಗರ ಮೊಮ್ಮಕ್ಕಳು ಇಂದು ಮನೆಯೊಳಗೆ ಕುಳಿತು ಎಂಜಿನ್ನಿನ ಸದ್ದಿನಿಂದ ಕಾರಿನ ಹೆಸರು ಹೇಳುತ್ತಾರೆ.

ಆದರೆ ಒಂದು ಭೇದವುಂಟು, ಅದು ಸಣ್ಣದಲ್ಲ. ಎತ್ತು ದಣಿಯುತ್ತಿತ್ತು. ಅದರ ಬಾಯಲ್ಲಿ ನೊರೆ ಕಂಡಾಗ ಒಡೆಯನು ನಿಲ್ಲಲೇಬೇಕಾಗಿತ್ತು. ಅವನ ಆಸೆಗೆ ಎತ್ತಿನ ಉಸಿರೇ ಎಲ್ಲೆಯಾಗಿತ್ತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತದ ಐದು ಅತಿಚಾರಗಳನ್ನು ಹೇಳುವಾಗ ಮೊದಲು ಎಣಿಸಿರುವುದು ಅತಿವಾಹನವನ್ನು. ಲೋಭದಿಂದ ಎತ್ತು ಮೊದಲಾದವುಗಳನ್ನು ಅವುಗಳ ಶಕ್ತಿಮೀರಿ ನಡೆಯಿಸುವುದೆಂದು ಅದಕ್ಕೆ ಒಂದು ಅರ್ಥ. ಪ್ರಯೋಜನಕ್ಕಿಂತ ಹೆಚ್ಚು ವಾಹನಗಳನ್ನು ಇಟ್ಟುಕೊಳ್ಳುವುದೆಂದು ಇನ್ನೊಂದು. ಎತ್ತಿನ ಕಾಲದಲ್ಲಿ ಮೊದಲನೆಯ ಅರ್ಥ ಕಣ್ಣಿಗೆ ಕಾಣುತ್ತಿತ್ತು. ಮೋಟಾರಿಗೆ ದಣಿವಿಲ್ಲ, ಎಣ್ಣೆ ಹೊಯ್ದರೆ ಸಾಕು, ಮತ್ತೆ ನೂರು ಮೈಲಿಗೆ ಸಿದ್ಧ. ಎಲ್ಲೆ ಹಾಕುವ ಕೆಲಸವೆಲ್ಲ ಈಗ ಒಡೆಯನ ಮನಸ್ಸಿಗೇ ಬಿದ್ದಿದೆ, ಆ ಮನಸ್ಸಿಗೋ ಅದರ ಅಭ್ಯಾಸವಿಲ್ಲ.

ಈ ಲೇಖಕನ ಅಜ್ಜನವರು ಚಾತುರ್ಮಾಸದ ನಾಲ್ಕು ತಿಂಗಳು ಮಲಪ್ರಭೆಯನ್ನು ದಾಟುತ್ತಿರಲಿಲ್ಲ. ನದಿ, ಗುಡ್ಡ, ಅಡವಿ, ಜನಪದ, ಯೋಜನಗಳನ್ನು ಗುರುತಾಗಿಟ್ಟು ಗಡಿ ಹಾಕಿಕೊಳ್ಳಬೇಕೆಂಬುದು ದಿಗ್ವ್ರತದ ವಿಧಿಯಷ್ಟೆ. ಅವರಿಗೆ ನದಿ ಎದುರಿಗೇ ಇತ್ತು, ಮಳೆಗಾಲದಲ್ಲಿ ಅದು ತಾನಾಗಿಯೇ ಕಾವಲು ಕಾಯುತ್ತಿತ್ತು. ಇಂದು ಸೇತುವೆಯ ಮೇಲೆ ಕಾರಿನ ಕಿಟಕಿಗಳನ್ನು ಏರಿಸಿಕೊಂಡು ಹೋಗುವವನಿಗೆ ಕೆಳಗೆ ನದಿಯಿರುವುದೇ ತಿಳಿಯುವುದಿಲ್ಲ.

ಈ ಪ್ರೀತಿಯನ್ನು ಬೆಳೆಸಿದವರ ಸಂಗತಿಯನ್ನೂ ಸ್ವಲ್ಪ ಹೇಳಬೇಕು. ಅಮೇರಿಕದ ಹೆನ್ರಿ ಫೋರ್ಡನು 1908ರಲ್ಲಿ ಹೊರತಂದ ಟಿ ಮಾದರಿಯ ಕಾರು 1927ರಲ್ಲಿ ನಿಲ್ಲುವವರೆಗೆ ಒಂದೂವರೆ ಕೋಟಿಗೂ ಮಿಕ್ಕಿ ತಯಾರಾಯಿತು. ಅದು ರೈತನ ಕಾರು. ಹಲವು ವರ್ಷ ಕಪ್ಪು ಬಣ್ಣವೊಂದರಲ್ಲಿಯೇ ದೊರೆಯುತ್ತಿತ್ತು, ವರ್ಷವರ್ಷಕ್ಕೆ ಅಗ್ಗವಾಗುತ್ತ ಹೋಯಿತು. ಅವನನ್ನು ಸೋಲಿಸಿದ ಜನರಲ್ ಮೋಟರ್ಸ್ ಸಂಸ್ಥೆಯವರು ಹೆಚ್ಚು ಗಟ್ಟಿಯಾದ ಕಾರನ್ನು ಮಾಡಿ ಸೋಲಿಸಲಿಲ್ಲ. ವರ್ಷಕ್ಕೊಂದು ಹೊಸ ರೂಪ, ಹೊಸ ಬಣ್ಣ ತಂದು, ನಿನ್ನೆಯ ಕಾರನ್ನು ಹಳೆಯದೆನಿಸಿ ಸೋಲಿಸಿದರು. ಆ ಸಂಸ್ಥೆಯ ಸಂಶೋಧನೆಯ ಮುಖ್ಯಸ್ಥನಾಗಿದ್ದ ಚಾರ್ಲ್ಸ್ ಕೆಟರಿಂಗನು 1929ರಲ್ಲಿ ಬರೆದ ಲೇಖನವೊಂದರ ತಲೆಬರಹವೇ, ಗ್ರಾಹಕನನ್ನು ಅತೃಪ್ತನನ್ನಾಗಿಯೇ ಇರಿಸಿರಿ ಎಂಬರ್ಥದ್ದು. ನಮ್ಮ ಆಚಾರ್ಯರು ಯಾವುದನ್ನು ದುಃಖದ ಮೂಲವೆಂದರೋ ಅದನ್ನೇ ಉದ್ಯಮದ ಮೂಲವೆಂದು ಅವನು ಮುಚ್ಚುಮರೆಯಿಲ್ಲದೆ ಹೇಳಿದನು. ಅವನ ಪ್ರಾಮಾಣಿಕತೆಯನ್ನಾದರೂ ಮೆಚ್ಚಬೇಕು.

ಭಾರತದ ಮೋಟಾರು ಉದ್ಯಮದ ಆರಂಭದಲ್ಲಿ ದಿಗಂಬರ ಮನೆತನವೊಂದರ ಹೆಸರಿರುವುದನ್ನು ನಮ್ಮ ತರುಣರು ತಿಳಿದಿರಲಾರರು. ಸೊಲ್ಲಾಪುರದ ವಾಲಚಂದ ಹಿರಾಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ತಂದೆ ಹಿರಾಚಂದ ನೇಮಚಂದರು ಜೈನ ಬೋಧಕ ಪತ್ರಿಕೆಯನ್ನು ನಡೆಸಿ ಸಮಾಜ ಸುಧಾರಣೆಗೆ ದುಡಿದವರು. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಸ್ವದೇಶಿ ಮೋಟಾರು ಕಾರ್ಖಾನೆಗಾಗಿ ಹಾಕಿದ ಯೋಜನೆಯಲ್ಲಿಯೂ ವಾಲಚಂದರು ಆಸಕ್ತಿ ವಹಿಸಿದ್ದರು. ಪರಸರಕಾರ ಅದಕ್ಕೆ ಆಸರೆ ಕೊಡಲಿಲ್ಲ. ಮುಂದೆ ಅವರ ಸಂಸ್ಥೆಯ ಫಿಯಟ್ ಕಾರೇ ಪ್ರೀಮಿಯರ್ ಪದ್ಮಿನಿಯಾಯಿತು. ಅದಕ್ಕೆ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯುತ್ತಿದ್ದವರಿದ್ದರು. 1957ರಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಕಾರು ಊರಿಗೆ ಒಂದೋ ಎರಡೋ ಇರುತ್ತಿದ್ದ ಕಾಲದಲ್ಲಿ, ಮದುವೆಯ ಮೆರವಣಿಗೆಗೂ ಅದೇ, ರೋಗಿಗೂ ಅದೇ, ಚುನಾವಣೆಗೂ ಅದೇ. 1983ರ ಡಿಸೆಂಬರದಲ್ಲಿ ಮಾರುತಿ 800 ಬಂದ ಮೇಲೆ ಮಧ್ಯಮ ವರ್ಗದವನೂ ಕಾರಿನ ಕನಸು ಕಾಣತೊಡಗಿದನು.

ಹೀಗೆ ಕಾರು ಊರಿನ ಒಡವೆಯಾಗಿದ್ದುದು ಮನೆಯ ಒಡವೆಯಾಯಿತು. ಸಮಂತಭದ್ರಾಚಾರ್ಯರ ಅದೇ ಐದು ಅತಿಚಾರಗಳಲ್ಲಿ ವಿಸ್ಮಯವೂ ಒಂದು. ಪರರ ವೈಭವವನ್ನು ಕಂಡು ಬೆರಗಾಗುವುದೆಂದು ಅದನ್ನು ವಿವರಿಸುವುದುಂಟು. ಬೆರಗು ದೋಷವೇ ಎಂದು ಮೊದಲು ಓದಿದಾಗ ಆಶ್ಚರ್ಯವೆನಿಸಿತ್ತು. ಪಕ್ಕದ ಮನೆಯ ಮುಂದೆ ನಿಂತ ದೊಡ್ಡ ಕಾರನ್ನು ಬಟ್ಟೆಯಿಂದ ಒರೆಸುತ್ತಿರುವುದನ್ನು ನೋಡುತ್ತ, ಕೈಯಲ್ಲಿದ್ದ ಹಾಲಿನ ಚರಿಗೆಯನ್ನು ಮರೆತು ನಿಂತ ಒಂದು ಮುಂಜಾನೆ ಅರ್ಥವಾಯಿತು.

ಇನ್ನು ಹಿಂಸೆಯ ಪ್ರಶ್ನೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ. ಮಳೆಗಾಲದ ರಾತ್ರಿ ಸವದತ್ತಿಯ ರಸ್ತೆಯಲ್ಲಿ ಬಂದ ಕಾರಿನ ಮುಂಗಾಜನ್ನು ಮರುದಿನ ಮುಂಜಾನೆ ತಾವೇ ತೊಳೆದವರಿಗೆ ವಿವರಣೆ ಬೇಕಾಗಿಲ್ಲ. ತೊಳೆಯುವ ಕೆಲಸವನ್ನು ಆಳಿಗೆ ಬಿಟ್ಟವರಿಗೆ ವಿವರಿಸಿ ಪ್ರಯೋಜನವಿಲ್ಲ. ಆ ಜೀವಿಗಳ ಸಲುವಾಗಿಯೇ ನಮ್ಮ ಮುನಿಗಳು ಆ ನಾಲ್ಕು ತಿಂಗಳು ನಡಿಗೆಯನ್ನೂ ನಿಲ್ಲಿಸಿ ಒಂದೆಡೆ ನಿಲ್ಲುವರು. ನಮ್ಮ ಜಿಲ್ಲೆಯ ಭೋಜ ಗ್ರಾಮದ ಮನೆತನದ ಆಚಾರ್ಯ ಶಾಂತಿಸಾಗರರು ದಕ್ಷಿಣದಿಂದ ಸಮ್ಮೇದ ಶಿಖರಜಿಯವರೆಗೂ, ಮುಂದೆ ದಿಲ್ಲಿಯವರೆಗೂ ಕಾಲ್ನಡಿಗೆಯಲ್ಲಿಯೇ ವಿಹರಿಸಿದರು. ಅಂಥ ನಡಿಗೆಯ ಮುನಿಗಳ ದರ್ಶನಕ್ಕೆ ನಾವು ಕಾರಿನಲ್ಲಿ ಹೋಗುತ್ತೇವೆ, ಅವರ ಹೆಸರನ್ನು ಹಿಂದಿನ ಗಾಜಿಗೆ ಅಂಟಿಸಿಕೊಂಡಿರುತ್ತೇವೆ. ಇದನ್ನು ನಗೆಯ ಮಾತೆಂದು ಈ ಲೇಖಕನು ಭಾವಿಸುವುದಿಲ್ಲ. ಮೊಣಕಾಲು ನೋವಿನ ಮುದುಕಿಯೊಬ್ಬಳು ಕಾರಿಲ್ಲದಿದ್ದರೆ ಆ ದರ್ಶನದಿಂದ ವಂಚಿತಳಾಗುತ್ತಿದ್ದಳು. ಶ್ರಾವಕನಿಗೆ ಶಾಸ್ತ್ರವು ವಾಹನವನ್ನು ನಿಷೇಧಿಸಿಲ್ಲ, ಅಳತೆ ಮಾಡಿಕೋ ಎಂದಿದೆ. ಭೋಗೋಪಭೋಗ ಪರಿಮಾಣದಲ್ಲಿ ಭೋಜನದ ಮಗ್ಗುಲಲ್ಲಿಯೇ ವಾಹನದ ಹೆಸರಿದೆ. ಹಗಲಿಗೆ, ರಾತ್ರಿಗೆ, ಪಕ್ಷಕ್ಕೆ, ಮಾಸಕ್ಕೆ, ಋತುವಿಗೆ ಎಂದು ಕಾಲ ಗೊತ್ತುಮಾಡಿ ಬಿಡಬಹುದು. ಅನ್ನದ ನೇಮಗಳನ್ನು ನಾವು ಎಷ್ಟೊಂದು ಸೂಕ್ಷ್ಮವಾಗಿ ಬಲ್ಲೆವು! ವಾಹನದ ನೇಮ ಹಿಡಿದವರು ವಿರಳ.

ಹಾಗೆ ಹಿಡಿದ ಒಬ್ಬನ ಕಥೆಯನ್ನು, ಅಂದರೆ ನನ್ನ ಕಥೆಯನ್ನು, ವಾಚಕರ ಮುಂದಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ದಶಲಕ್ಷಣ ಪರ್ವದ ಹತ್ತು ದಿನ ವಾಹನವೇರುವುದಿಲ್ಲವೆಂದು ಬಸದಿಯಲ್ಲಿ ನೇಮ ಹಿಡಿದೆ. ಕಾರು ಕೊಂಡು ಆಗ ನಾಲ್ಕು ತಿಂಗಳಾಗಿತ್ತು. ದಿನವೂ ಬರಿಗಾಲಲ್ಲಿ ಬಸದಿಗೆ ನಡೆದುಹೋಗುವಾಗ, ಊರವರು ನೋಡುತ್ತಿದ್ದಾರೆಂಬ ಸಂತೋಷವೂ ಇಲ್ಲದಿರಲಿಲ್ಲ. ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ ಧರ್ಮದ ಪ್ರವಚನ ಕೇಳಿ, ಏಕಾಶನ ಮುಗಿಸಿ, ಸಂಜೆಯ ಸಾಮಾಯಿಕಕ್ಕೆ ಕುಳಿತು ಎದ್ದಿದ್ದೆ. ಹಿಂದಿನ ಓಣಿಯ ನೆರೆಯವರೊಬ್ಬರು ಓಡಿಬಂದು ಬಾಗಿಲಲ್ಲಿ ನಿಂತರು. ಅವರ ಸೊಸೆಗೆ ಬೇನೆ ಆರಂಭವಾಗಿತ್ತು. ಬೆಳಗಾವಿಗೆ ಒಯ್ಯಬೇಕೆಂದು ವೈದ್ಯರು ಹೇಳಿದ್ದರು.

"ಅಣ್ಣಾರ, ಗಾಡಿ ಬೇಕಾಗಿತ್ರಿ. ನನ್ನ ತಮ್ಮಗ ಹೊಡಿಯಾಕ ಬರತೈತಿ, ನೀವೇನ ಬರೂದು ಬ್ಯಾಡ್ರಿ."

"ನನಗ ಹತ್ತ ದಿವಸ ವಾಹನದ ನೇಮ ಐತೆಪಾ" ಎಂದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ನೇಮ ಇದ್ರ ಬ್ಯಾಡ ಬಿಡ್ರಿ" ಎಂದು ಕೈಮುಗಿದು ಹೊರಟುಹೋದರು.

ಒಳಗೆ ಜಪಮಣಿ ಹಿಡಿದು ಕುಳಿತಿದ್ದ ಅವ್ವ ಕೇಳಿದಳು: "ನೀ ಹತ್ತಬಾರ್ದಂತ ನೇಮ ಹಿಡದೀಯೋ, ಅವರು ಹತ್ತಬಾರ್ದಂತ ಹಿಡದೀಯೋ?"

ರಸ್ತೆ ಹಸಿಯಾಗಿದೆ ಎಂದೆ, ಹುಡುಗನ ಕೈ ಇನ್ನೂ ಹೊಸದು ಎಂದೆ, ಏನಾದರೂ ಆದರೆ ಹೊಣೆ ಯಾರು ಎಂದೆ. ಒಂದೂ ಸುಳ್ಳಲ್ಲ. ಅವ್ವ ಮರುಮಾತಾಡದೆ ಮಣಿ ಎಣಿಸತೊಡಗಿದಳು. ಬೀಗದಕೈ ತೆಗೆದುಕೊಂಡು ನಾನು ಓಣಿಗೆ ಬರುವಷ್ಟರಲ್ಲಿ, ಸಾಮಾನು ಹೇರುವ ಟೆಂಪೋ ಒಂದರಲ್ಲಿ ಗಾದಿ ಹಾಸಿ ಆ ಹೆಣ್ಣುಮಗಳನ್ನು ಮಲಗಿಸಿಕೊಂಡು ಅವರು ಹೊರಟಾಗಿತ್ತು. ಸುದೈವದಿಂದ ತಾಯಿ ಮಗು ಇಬ್ಬರೂ ಕ್ಷೇಮವಾಗಿದ್ದಾರೆ.

ಆ ರಾತ್ರಿ ನಿದ್ದೆ ಬರಲಿಲ್ಲ. ನೇಮವನ್ನು ಮುಂದೊಡ್ಡಿ ಆ ಮಾತನ್ನಾಡಿದಾಗ ನನ್ನ ಎದೆಯಲ್ಲಿ ಮೂಡಿದ್ದು ಶಾಂತಿಯಲ್ಲ, ಬಿಡುಗಡೆ. ಕೇಳಬಾರದ ಸಾಲ ಕೇಳಿದವನಿಗೆ ಕೊಡದಿರಲು ಒಳ್ಳೆಯ ಕಾರಣ ಸಿಕ್ಕಾಗ ಆಗುವಂಥ ಬಿಡುಗಡೆ. ಇನ್ನೂ ನಾಚಿಕೆಯ ಸಂಗತಿಯೆಂದರೆ, ಆ ಕ್ಷಣ ನನ್ನ ಕಣ್ಣ ಮುಂದೆ ಬಂದುದು ಬೇನೆ ತಿನ್ನುತ್ತಿದ್ದ ಹೆಣ್ಣುಮಗಳಲ್ಲ, ಕಾರಿನ ಹಿಂದಿನ ಆಸನ. ನಮ್ಮ ತಂದೆಯವರು ಎತ್ತುಗಳನ್ನು ಎರವಲು ಕೊಡುವಾಗ, "ದಾರ್ಯಾಗ ನೀರ ಕುಡಸ್ರಿ" ಎಂದು ಹೇಳಿ ಕೊಡುತ್ತಿದ್ದರು. ಅವರ ಚಿಂತೆಯೂ ವಾಹನದ ಚಿಂತೆಯೇ. ಆದರೆ ಅದು ಒಂದು ಜೀವದ ಬಾಯಾರಿಕೆಯ ಚಿಂತೆ. ನನ್ನದು ಕಲೆಯ ಚಿಂತೆ. ಪರಿಗ್ರಹವೆಂದರೆ ವಸ್ತುವಲ್ಲ, ಮೂರ್ಛೆ ಎಂದು ಉಮಾಸ್ವಾಮಿಗಳು ಹೇಳಿದ್ದನ್ನು ಎಷ್ಟೋ ಸಲ ಪಾಠ ಮಾಡಿದ್ದೆ. ಒಂಬತ್ತು ದಿನ ಕಾರನ್ನು ಮುಟ್ಟದೆ ಇದ್ದವನು, ಆ ಒಂಬತ್ತು ದಿನವೂ ಅದನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದೆನೆಂಬುದು ಅಂದು ಗೊತ್ತಾಯಿತು.

ಪರ್ವ ಮುಗಿದು ಕ್ಷಮಾವಣಿಯ ದಿನ ಅವರ ಮನೆಗೆ ಹೋದೆ. ನಡೆದದ್ದನ್ನು ನಡೆದಂತೆ ಹೇಳಿ ಕ್ಷಮೆ ಕೇಳಿದೆ. ಅವರು ಚಹ ತರಿಸಿದರು, ಮಗುವನ್ನು ತೋರಿಸಿದರು. "ನೇಮದ ಮನಶ್ಯಾಗ ನಾನ ಕೇಳಬಾರ್ದಿತ್ರಿ ಅಣ್ಣಾರ" ಎಂದರು. ಹಾಗಲ್ಲವೆಂದು ಮತ್ತೊಮ್ಮೆ ಹೇಳಿದೆ. ಅವರು ನಕ್ಕು ಬೇರೆ ಮಾತು ತೆಗೆದರು.

ಮುಂದಿನ ವರ್ಷದಿಂದ ನನ್ನ ನೇಮದ ಮಾತನ್ನು ತಿದ್ದಿದ್ದೇನೆ: ಹತ್ತು ದಿನ ನಾನು ವಾಹನವೇರತಕ್ಕದ್ದಲ್ಲ, ಕಷ್ಟದಲ್ಲಿದ್ದವರು ಕೇಳಿದರೆ ಯಾವ ಹೊತ್ತಿನಲ್ಲಿಯೂ ಇಲ್ಲವೆನ್ನತಕ್ಕದ್ದಲ್ಲ. ಬೀಗದಕೈಯನ್ನು ಪಡಸಾಲೆಯ ಮೊಳೆಗೆ, ಬಾಗಿಲಿನಿಂದ ಕೈಗೆಟುಕುವಂತೆ ತೂಗುಹಾಕಿರುತ್ತೇವೆ. ಓಣಿಯವರು ಎರಡು ಮೂರು ಸಲ ಒಯ್ದಿದ್ದಾರೆ. ಒಮ್ಮೆ ಬಲಗಡೆಯ ಬಾಗಿಲಿಗೆ ಉದ್ದನೆಯ ಗೀರೂ ಬಿತ್ತು. ಹಿಂದಿನ ಓಣಿಯ ಆ ನೆರೆಯವರು ಮಾತ್ರ ಇದುವರೆಗೆ ಕೇಳಿಲ್ಲ.