ದಾನದ ಪಂಚೆ

ನಮ್ಮ ತಂದೆಯ ತಿಥಿಗೆ ಎರಡು ದಿನ ಮುಂಚೆ ಸಾರಕ್ಕಿ ಮಾರ್ಕೆಟ್ಟಿಗೆ ಹೋಗಿ ಬಾಳೆಲೆ, ಬಾಳೆಕಾಯಿ, ಗೋರಿಕಾಯಿ, ಕರಿ ಎಳ್ಳು ತಂದೆ. ಬರುವಾಗ ಬಟ್ಟೆ ಅಂಗಡಿಯಲ್ಲಿ ಪಂಚೆ ಕೇಳಿದೆ. “ಉಡೋದಕ್ಕಾ ಸಾರ್, ಕೊಡೋದಕ್ಕಾ?” ಅಂದ ಹುಡುಗ. ಕೊಡೋದಕ್ಕೆ ಅಂದೆ. ಬೇರೆ ಕಟ್ಟಿನಿಂದ ತೆಗೆದುಕೊಟ್ಟ. ಪ್ರತಿ ವರ್ಷವೂ ಹಾಗೇ ತರುತ್ತಿದ್ದೆ.

ಮನೆಗೆ ಬಂದಾಗ ಮಗ ಆ ಪಂಚೆಯನ್ನು ಬಿಡಿಸಿ ಕಿಟಕಿಗೆ ಹಿಡಿದ. ಅವನಿಗೆ ಆಗ ಹದಿನೇಳು. ಗಂಜಿಯ ಬಲದಲ್ಲಿ ಗರಿಗರಿಯಾಗಿ ನಿಂತ ಬಟ್ಟೆ. ಎಳೆಗಳ ನಡುವೆ ಎದುರುಮನೆಯ ನೀರಿನ ಟ್ಯಾಂಕು ಕಾಣುತ್ತಿತ್ತು. ಉಗುರು ತಾಗಿಸಿದರೆ ಅಂಚಿನ ಜರಿ ಎದ್ದು ಬಂತು. “ಅಪ್ಪಾ, ಇದನ್ನ ನೀನು ಉಟ್ಕೋತೀಯಾ?” ನಾನು ಸುಮ್ಮನಿದ್ದೆ. “ತಾತ ಇದ್ದಿದ್ರೆ ತಾತಂಗೆ ಇದನ್ನ ಕೊಡ್ತಿದ್ಯಾ?” ಬಿಡಲಿಲ್ಲ, ಮತ್ತೆ ಮತ್ತೆ ಕೇಳಿದ. ಕೊನೆಗೆ “ಇಷ್ಟ ಇಲ್ದಿದ್ರೆ ಮನೆ ಬಿಟ್ಟು ಹೋಗು” ಅಂದುಬಿಟ್ಟೆ. ಚಪ್ಪಲಿ ಮೆಟ್ಟಿ ಹೊರಟೇ ಹೋದ.

ಅವನು ಚಿಕ್ಕಂದಿನಿಂದ ಹೀಗೇ. ಎದುರು ಮಾತಾಡುವ ಹುಡುಗ ಅಂತ ಶಾಲೆಯಿಂದ ನಮ್ಮನ್ನು ಎಷ್ಟು ಸಲ ಕರೆಸಿದ್ದಾರೋ. ತಲೆಹರಟೆ, ಹಟಮಾರಿ, ದೇವರು ದಿಂಡರು ಅಂತ ಭಯಭಕ್ತಿ ಇಲ್ಲ ಎಂದು ನೆಂಟರು ಅಂದಾಗ ನಾನೂ ತಲೆಯಾಡಿಸಿದ್ದೆ. ಆ ಸಂಜೆ ಅವನನ್ನು ಹುಡುಕಿಕೊಂಡು ಹೋಗುವಾಗ, ಸಾರಕ್ಕಿ ಸಿಗ್ನಲ್ ಹತ್ತಿರ, ನಮ್ಮ ತಂದೆ ಹೇಳುತ್ತಿದ್ದ ಕಥೆ ನೆನಪಾಗಿ ನಿಂತುಬಿಟ್ಟೆ.

ಕಠೋಪನಿಷತ್ತಿನ ನಚಿಕೇತನ ಕಥೆ ಅದು. ಇದ್ದದ್ದೆಲ್ಲ ಕೊಟ್ಟುಬಿಡಬೇಕಾದ ಯಜ್ಞದಲ್ಲಿ ಅಪ್ಪ ಕೊಡುತ್ತಿದ್ದದ್ದು ಮುದಿ ಹಸುಗಳನ್ನು. ಇನ್ನು ಹುಲ್ಲು ಮೇಯಲಾರವು, ನೀರು ಕುಡಿಯಲಾರವು, ಹಾಲಂತೂ ಕೊಡಲಾರವು. ನೋಡುತ್ತಿದ್ದ ಹುಡುಗನನ್ನು ಏನೋ ಹೊಕ್ಕಿತು. ಆ ‘ಏನೋ’ಗೆ ಉಪನಿಷತ್ತು ಇಟ್ಟ ಹೆಸರು ಸಿಟ್ಟು ಅಲ್ಲ, ಅಹಂಕಾರ ಅಲ್ಲ. ಶ್ರದ್ಧೆ. ನನ್ನನ್ನು ಯಾರಿಗೆ ಕೊಡುತ್ತೀ ಅಂತ ಮೂರು ಸಲ ಕೇಳಿದ. ಮೃತ್ಯುವಿಗೆ ಕೊಟ್ಟೆ ಹೋಗು ಅಂದ ಅಪ್ಪ. ಶ್ರದ್ಧೆಯಿಂದ ಮಾಡುವುದು ಶ್ರಾದ್ಧ ಎಂದು ನಮಗೆ ಹೇಳಿಕೊಟ್ಟಿದ್ದಾರೆ. ಹಾಗಾದರೆ ನಮ್ಮ ಮನೆಯಲ್ಲಿ ಆವತ್ತು ಶ್ರದ್ಧೆ ಇದ್ದದ್ದು ಯಾರಲ್ಲಿ? ಯಾವುದನ್ನೂ ನಂಬದವನಿಗೆ ಪಂಚೆ ತೆಳ್ಳಗಿದ್ದರೇನು, ದಪ್ಪಗಿದ್ದರೇನು?

ಎಲ್ಲ ಬಂಡಾಯವೂ ಶ್ರದ್ಧೆಯೇ ಎನ್ನಲಾರೆ. ಗೆದ್ದೆ ಎನಿಸಿಕೊಳ್ಳುವುದಕ್ಕಷ್ಟೇ ಎದುರು ನಿಲ್ಲುವವರೂ ಇದ್ದಾರೆ. ಗುರುತಿಸುವುದು ಹೇಗೆ ಎಂಬುದಕ್ಕೂ ಆ ಕಥೆಯಲ್ಲೇ ದಾರಿ ಇದೆ ಅನ್ನಿಸುತ್ತದೆ. ಯಮ ಮೂರು ವರ ಕೊಟ್ಟಾಗ ನಚಿಕೇತ ಮೊದಲು ಕೇಳಿದ್ದು ಅಪ್ಪನ ಸಿಟ್ಟು ಇಳಿಯಲಿ, ಮನಸ್ಸು ಶಾಂತವಾಗಲಿ ಅಂತ. ತನ್ನನ್ನು ಸಾವಿಗೆ ಕೊಟ್ಟವನಿಗಾಗಿ ಕೇಳಿದ ವರ ಅದು. ಯಮನೂ ಅವನ ಬಾಯಿ ಮುಚ್ಚಿಸಲಿಲ್ಲ. ಐಶ್ವರ್ಯದ ಆಸೆ ತೋರಿಸಿ ನೋಡಿದ, ಹುಡುಗ ಜಗ್ಗಲಿಲ್ಲ, ಆಮೇಲೆ ಇಂಥ ಪ್ರಶ್ನೆ ಕೇಳುವವರು ನಮಗೆ ಸಿಗಲಿ ಎಂದು ಹಾರೈಸಿ ಪಾಠಕ್ಕೆ ಕೂತ.

ಎದುರು ನಿಂತವರನ್ನು ಹೀಗೆ ಬರಮಾಡಿಕೊಂಡ ಒಬ್ಬರು ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ್ದರು, 1929ರಲ್ಲಿ. ಎಸ್. ಎನ್. ಸುಬ್ಬರಾವ್. 1942ರಲ್ಲಿ, ಹದಿಮೂರನೇ ವಯಸ್ಸಿನಲ್ಲಿ, ಗೋಡೆಯ ಮೇಲೆ ಕ್ವಿಟ್ ಇಂಡಿಯಾ ಎಂದು ಬರೆದು ಪೊಲೀಸರ ಕೈಗೆ ಸಿಕ್ಕ ಹುಡುಗ. ಮುಂದೆ ಚಂಬಲ್ ಕಣಿವೆಯ ಜೌರಾದಲ್ಲಿ ಆಶ್ರಮ ಕಟ್ಟಿದರು. ಅಲ್ಲಿನ ಡಕಾಯಿತರು ತಮ್ಮನ್ನು ಡಕಾಯಿತರು ಅಂದುಕೊಳ್ಳುತ್ತಿರಲಿಲ್ಲ, ‘ಬಾಗಿ’ಗಳು ಅನ್ನುತ್ತಿದ್ದರು, ಅಂದರೆ ಬಂಡೆದ್ದವರು. 1972ರ ಏಪ್ರಿಲ್‌ನಲ್ಲಿ ಅವರು ಶರಣಾಗಿ ಬಂದೂಕು ತಂದು ಇಟ್ಟದ್ದು ಆ ಆಶ್ರಮದಲ್ಲಿ, ಗಾಂಧೀಜಿಯ ಚಿತ್ರದ ಮುಂದೆ. ಎದುರಿಗಿದ್ದವರು ಜಯಪ್ರಕಾಶ ನಾರಾಯಣ. 1942ರಲ್ಲಿ ಹಜಾರಿಬಾಗ್ ಜೈಲಿನ ಗೋಡೆ ಹಾರಿ ಹೋಗಿದ್ದ ಮನುಷ್ಯ, ನಮ್ಮ ಜೆ.ಪಿ. ನಗರಕ್ಕೆ ಅವರದ್ದೇ ಹೆಸರು. ದಿನಾ ಆ ಹೆಸರಿನ ಬೋರ್ಡಿನ ಕೆಳಗೆ ಓಡಾಡುವ ನನಗೆ ಇದು ಹೊಳೆದಿರಲಿಲ್ಲ: ಬಾಗಿಗಳ ಮಾತು ಕೇಳಿಸಿಕೊಂಡವರು ತಾವೂ ಒಂದು ಕಾಲದ ಬಾಗಿಗಳೇ. ಸುಬ್ಬರಾವ್ ಆಮೇಲೂ ಸುಮ್ಮನೆ ಕೂರಲಿಲ್ಲ. ತೀರಿಕೊಂಡ 2021ರವರೆಗೂ ದೇಶದ ಹುಡುಗರನ್ನು ಶಿಬಿರಗಳಿಗೆ ಸೇರಿಸಿ, ಕೈಗೆ ಗುದ್ದಲಿ ಬುಟ್ಟಿ ಕೊಟ್ಟು, ಹಾಡು ಹೇಳಿಕೊಟ್ಟರು.

ಮಗ ಸಾರಕ್ಕಿ ಕೆರೆಯ ಏರಿಯ ಮೇಲೆ ಕೂತಿದ್ದ. ಈ ಕೆರೆಯ ಒತ್ತುವರಿ ಪ್ರಶ್ನಿಸಿ ಹೈಕೋರ್ಟ್ ಮೆಟ್ಟಿಲು ಹತ್ತಿದ ನಿವಾಸಿಗಳಿಗೂ ಯಾರೋ ತಲೆಹರಟೆ ಅಂದೇ ಇರುತ್ತಾರೆ. 2015ರ ಏಪ್ರಿಲ್‌ನಲ್ಲಿ ಒತ್ತುವರಿ ತೆರವಾಯಿತು. ಮಗನ ಪಕ್ಕದಲ್ಲಿ ಕೂತೆ. ಇಬ್ಬರೂ ಮಾತಾಡಲಿಲ್ಲ. ನೀರುಕೋಳಿಯೊಂದು ಜೊಂಡಿನೊಳಗೆ ಹೋಗಿ, ಬಂದು, ಮತ್ತೆ ಹೋಯಿತು. ಕ್ಷಮಿಸು ಅನ್ನಲು ನನಗೆ ಬಾಯಿ ಬರಲಿಲ್ಲ. ಜೇಬಿನಿಂದ ದುಡ್ಡು ತೆಗೆದು ಅವನ ಕೈಗಿಟ್ಟು, “ನೀನೇ ಹೋಗಿ ತಗೊಂಡು ಬಾ” ಅಂದೆ.

ತಿಥಿಯ ದಿನ ಬ್ರಾಹ್ಮಣಾರ್ಥಕ್ಕೆ ಬಂದವರು ಪಂಚೆ ಕೈಗೆ ತೆಗೆದುಕೊಂಡು, ಅಂಚನ್ನು ಹೆಬ್ಬೆರಳಲ್ಲಿ ಸವರಿ, ತಲೆ ಎತ್ತಿ ನನ್ನನ್ನು ನೋಡಿದರು. ನಾನು ಮಗನ ಕಡೆ ನೋಡಿದೆ. ಈಗ ನಾಲ್ಕು ವರ್ಷದಿಂದ ತಿಥಿಯ ಸಾಮಾನೆಲ್ಲ ಅವನದ್ದೇ. ಪಟ್ಟಿ ಬರೆಯುತ್ತಾನೆ, ಬೆಳಗ್ಗೆ ಆರಕ್ಕೇ ಮಾರ್ಕೆಟ್ಟಿಗೆ ಹೋಗುತ್ತಾನೆ, ಬಾಡಿದ ಎಲೆ ವಾಪಸ್ ಮಾಡಿ ಬರುತ್ತಾನೆ. ಪ್ರಶ್ನೆ ಮಾತ್ರ ನಿಂತಿಲ್ಲ. ಈ ಸಲ ಎಳ್ಳು ಆರಿಸುತ್ತಾ ಕೇಳಿದ: “ಅಪ್ಪಾ, ಮಾರ್ಕೆಟ್ ಮೂಲೇಲಿ ಸೊಪ್ಪು ಮಾರೋ ತಾತ ಹರಿದ ಪಂಚೆ ಉಟ್ಕೊಂಡು ಕೂತಿರ್ತಾರಲ್ಲ, ಅವರಿಗೆ ಕೊಟ್ರೆ ನಮ್ಮ ತಾತಂಗೆ ಮುಟ್ಟಲ್ವಾ?”

ತಿಥಿಗೆ ಇನ್ನೂ ಮೂರು ದಿನ ಇದೆ. ಉತ್ತರ ಕೊಟ್ಟಿಲ್ಲ, ಯೋಚಿಸುತ್ತಿದ್ದೇನೆ.