ಗುಮಾನಿ ಸಾಕ್ಷಿಯಲ್ಲ

ಲೆಕ್ಕದ ಪುಸ್ತಕ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯನ್ನು ಒಡೆದದ್ದು ಒಂದು ಪತ್ರ. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ಅದನ್ನು ಬರೆದರು. ಕಂಪನಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ ಎಂದು ಒಪ್ಪಿಕೊಂಡರು. ಅಲ್ಲಿಯವರೆಗೂ ಲೆಕ್ಕಪರಿಶೋಧಕರು ವರ್ಷ ವರ್ಷವೂ ಸಹಿ ಹಾಕುತ್ತಲೇ ಬಂದಿದ್ದರು.

ಇಂಥ ವಂಚನೆಯನ್ನು ಪತ್ತೆಹಚ್ಚುವ ಕೆಲಸಕ್ಕೆ ಇಂದು ಕೃತಕ ಬುದ್ಧಿಮತ್ತೆ ಬಂದಿದೆ. ಒಂದೇ ಬಿಲ್ಲಿಗೆ ಎರಡು ಸಲ ಹಣ ಹೋಗಿದೆಯೇ, ರಜಾದಿನದ ನಡುರಾತ್ರಿ ಲೆಕ್ಕ ಬರೆಯಲಾಗಿದೆಯೇ, ಮೇಲಧಿಕಾರಿಯ ಒಪ್ಪಿಗೆ ಬೇಕಾಗುವ ಮಿತಿಗಿಂತ ತುಸುವೇ ಕಡಿಮೆ ಮೊತ್ತ ಪದೇ ಪದೇ ಪಾವತಿಯಾಗಿದೆಯೇ ಎಂದು ಅದು ಲಕ್ಷಾಂತರ ನಮೂದುಗಳಲ್ಲಿ ಹುಡುಕುತ್ತದೆ. ಸಹಜವಾದ ಅನೇಕ ಲೆಕ್ಕಗಳಲ್ಲಿ ಶೇಕಡಾ 30ರಷ್ಟು ಸಂಖ್ಯೆಗಳು 1ರಿಂದ ಆರಂಭವಾಗುತ್ತವೆ. 9ರಿಂದ ಆರಂಭವಾಗುವವು ಶೇಕಡಾ 5ಕ್ಕಿಂತಲೂ ಕಡಿಮೆ. ಬೆನ್‌ಫರ್ಡ್ ನಿಯಮವೆಂಬ ಈ ಹದ ತಪ್ಪಿದರೂ ಯಂತ್ರ ಎಚ್ಚರಿಸುತ್ತದೆ. ಅದಕ್ಕೆ ದಣಿವಿಲ್ಲ, ಲಂಚದ ಆಸೆಯಿಲ್ಲ. ಬಡವರ ಠೇವಣಿ ನುಂಗುವವರನ್ನು ಹಿಡಿಯಲು ಅದು ನೆರವಾದರೆ ಬೇಡವೆನ್ನುವವರು ಯಾರು?

ಪ್ರಶ್ನೆ ಇರುವುದು ಆ ಎಚ್ಚರಿಕೆಯನ್ನು ನಾವು ಏನೆಂದು ತಿಳಿಯುತ್ತೇವೆ ಎಂಬುದರಲ್ಲಿ. ನೆದರ್ಲೆಂಡ್ಸಿನ ತೆರಿಗೆ ಇಲಾಖೆ ಮಕ್ಕಳ ಪಾಲನೆಗೆ ಕೊಡುವ ಸಹಾಯಧನದಲ್ಲಿ ಮೋಸ ಹುಡುಕಲು, ತಾನೇ ಕಲಿಯುವ ಗಣಕ ವ್ಯವಸ್ಥೆಯೊಂದನ್ನು ಬಳಸಿತು. ಅರ್ಜಿದಾರರು ಡಚ್ ಪೌರರಲ್ಲ ಎಂಬುದೂ ಅದರ ಪಾಲಿಗೆ ಅಪಾಯದ ಗುರುತಾಗಿತ್ತು. ಈ ಹಗರಣದಲ್ಲಿ ಸಾವಿರಾರು ಕುಟುಂಬಗಳು ವಂಚಕರೆನಿಸಿದವು. ಸಣ್ಣಪುಟ್ಟ ಲೋಪಕ್ಕೂ ಪೂರ್ತಿ ಹಣ ಹಿಂತಿರುಗಿಸುವಂತೆ ನೋಟಿಸು ಬಂತು. ಯಾವ ತಪ್ಪಿಗೆ ಎಂದು ಕೇಳಿದವರಿಗೆ ಸರಿಯಾದ ಉತ್ತರ ಸಿಗಲಿಲ್ಲ. ವಲಸೆ ಮೂಲದ ಕುಟುಂಬಗಳಿಗೆ ಹೆಚ್ಚು ಪೆಟ್ಟು ಬಿತ್ತು. ಕೊನೆಗೆ 2021ರ ಜನವರಿಯಲ್ಲಿ ಮಾರ್ಕ್ ರುಟ್ಟೆ ಅವರ ಸರಕಾರ ರಾಜೀನಾಮೆ ಕೊಟ್ಟಿತು.

ಯಂತ್ರಕ್ಕೆ ದ್ವೇಷವಿಲ್ಲ, ನಿಜ. ಆದರೆ ಅದು ಕಲಿಯುವುದು ನಮ್ಮ ಹಳೆಯ ಕಡತಗಳಿಂದ. ನಿನ್ನೆ ನಾವು ಯಾರನ್ನು ಹೆಚ್ಚು ಶಂಕಿಸಿದ್ದೆವೋ ನಾಳೆ ಅದೂ ಅವರನ್ನೇ ಶಂಕಿಸಬಹುದು. ಶಂಕೆಗೆ ಒಳಗಾಗಿ ಬದುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕುರ್‌ಆನಿನ ಅತಿ ದೀರ್ಘ ವಚನ ನಮಾಝಿನ ಕುರಿತದ್ದಲ್ಲ, ಉಪವಾಸದ ಕುರಿತದ್ದೂ ಅಲ್ಲ. ಅದು ಸಾಲದ ಲೆಕ್ಕ ಬರೆದಿಡುವ ಕುರಿತದ್ದು. ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು ಎಂದು ಅದು ವಿಧಿಸುತ್ತದೆ. ಅದೇ ಗ್ರಂಥ ಅತಿಯಾದ ಗುಮಾನಿಯನ್ನೂ ಪರರ ಗುಟ್ಟು ಕೆದಕುವುದನ್ನೂ ನಿಷೇಧಿಸುತ್ತದೆ. ಎರಡನ್ನೂ ಒಟ್ಟಿಗೆ ಓದಿದರೆ ಲೆಕ್ಕ ಕಟ್ಟುನಿಟ್ಟಾಗಿರಬೇಕು, ಲೆಕ್ಕ ಕೇಳುವವನೂ ಲೆಕ್ಕ ಕೊಡಬೇಕು ಎಂಬ ಅರ್ಥ ಹೊರಡುತ್ತದೆ. ಬರೆದವನನ್ನು ನಿಲ್ಲಿಸಿ ಪ್ರಶ್ನಿಸಬಹುದು. ಸಾಕ್ಷಿಗೆ ಪಾಟೀಸವಾಲು ಹಾಕಬಹುದು. ಯಂತ್ರ ಕೊಟ್ಟ ಅಂಕಿಯನ್ನು ಕಟಕಟೆಗೆ ಕರೆಯುವುದು ಹೇಗೆ?

ಆದ್ದರಿಂದ ಯಂತ್ರ ಬೆರಳು ತೋರಿಸಲಿ. ಆ ಬೆರಳು ತೋರಿಸಿದ ಕಡೆ ಹೋಗಿ ರಸೀದಿ ನೋಡಿ, ಎದುರಿಗಿರುವವನ ಮಾತು ಕೇಳಿ, ಆಮೇಲೆ ಆರೋಪಪಟ್ಟಿಗೆ ತನ್ನ ಹೆಸರಿನಲ್ಲಿ ಸಹಿ ಹಾಕುವ ಮನುಷ್ಯನೊಬ್ಬ ಇರಲೇಬೇಕು. ಸತ್ಯಂನಲ್ಲಿ ಪರೀಕ್ಷಿಸದೆ ಸಹಿ ಬಿತ್ತು. ನೆದರ್ಲೆಂಡ್ಸಿನಲ್ಲಿ ಪರೀಕ್ಷಿಸದೆ ಶಿಕ್ಷೆ ಬಿತ್ತು. ಎರಡು ಕಡೆಯೂ ತಪ್ಪಿದ್ದು ಮನುಷ್ಯ ಮಾಡಬೇಕಿದ್ದ ಕೆಲಸವೇ.