ಮಡಚುವ ಫೋನೂ ಮಾತಾಡದ ಮಾರಾಟಗಾರನೂ

ಮಡಚುವ ಫೋನುಗಳ ಬಗ್ಗೆ ಓದಲು ಸಿಗುವ ಹೋಲಿಕೆಗಳಲ್ಲಿ ಹೆಚ್ಚಿನವು ಒಂದು ವಾರದ ಬಳಕೆಯವು. ಮದುವೆಯಾದ ವಾರದಲ್ಲೇ ದಾಂಪತ್ಯದ ಬಗ್ಗೆ ಬರೆದ ಹಾಗೆ. ನಮ್ಮ ಮನೆಯಲ್ಲಿ ಅಂಥ ಫೋನುಗಳು ಎರಡಿವೆ. ನನ್ನದು ಪುಸ್ತಕದಂತೆ ತೆರೆಯುವಂಥದ್ದು, ಮೂರು ವರ್ಷ ಮೀರಿತು. ಹೆಂಡತಿಯದು ಕುಂಕುಮದ ಡಬ್ಬಿಯಂತೆ ಮುಚ್ಚಳ ಹಾಕಿಕೊಳ್ಳುವಂಥದ್ದು, ಅದಕ್ಕೆ ಎರಡೂವರೆ ವರ್ಷ. ಕಂಪನಿಗಳ ಹೆಸರು ಬೇಡ. ನಾನು ಹೇಳಹೊರಟಿರುವುದು ಕಂಪನಿಯ ವಿಷಯವಲ್ಲ.

ಮೊದಲ ವಾರದಲ್ಲಿ ಹೋಲಿಸಿದ್ದು ಕ್ಯಾಮೆರಾ, ಬ್ಯಾಟರಿ, ತೂಕ. ಈಗ ಹೋಲಿಸುವುದು ಬೇರೆಯದೇ. ನನ್ನದರ ನಡುವಿನ ಗೆರೆ ಹದಿನೈದು ದಿನದಲ್ಲಿ ಕಣ್ಣಿಗೆ ಕಾಣುವುದು ನಿಂತಿತು, ಬೆರಳಿಗೆ ಮಾತ್ರ ಇವತ್ತಿಗೂ ಗೊತ್ತಾಗುತ್ತದೆ. ಅವಳದರಲ್ಲಿ ಗೆರೆ ಅಡ್ಡಕ್ಕೆ ಇರುವುದರಿಂದ ವಾಟ್ಸ್ಆ್ಯಪ್ ಸರಿಸುವಾಗಲೆಲ್ಲ ಹೆಬ್ಬೆರಳು ಒಂದು ಹಳ್ಳ ದಾಟುತ್ತದೆ. ನನ್ನದು ಮೊದಲು ಯಾವ ಕೋನದಲ್ಲಿ ಬಿಟ್ಟರೂ ನಿಲ್ಲುತ್ತಿತ್ತು, ಈಗ ಅರ್ಧ ತೆರೆದಿಟ್ಟರೆ ನಿಧಾನಕ್ಕೆ ಮಲಗಿಬಿಡುತ್ತದೆ. ಅವಳದು ಗಟ್ಟಿಯಾಗೇ ನಿಲ್ಲುತ್ತದೆ, ಆದರೆ ಹಿಂಜ್ ಒಳಗಿಂದ ಕರಕರ ಸದ್ದು. ಜೋಳದ ಹಿಟ್ಟು ನಾದುವ ಹೊತ್ತಿನಲ್ಲಿ ಆ ಫೋನಿಗೆ ಅಡುಗೆಮನೆಗೆ ಪ್ರವೇಶವಿಲ್ಲ. ಅದು ನಮ್ಮ ಮನೆಯ ಕಾನೂನು. ಸುಮ್ಮನೆ ಮಾಡಿದ್ದಲ್ಲ ಅದು: ನೀರು ತಡೆಯುವ ಮಡಚುವ ಫೋನು 2021ರಲ್ಲೇ ಬಂದರೂ, ಧೂಳನ್ನೂ ಪೂರ್ತಿ ತಡೆಯುತ್ತೇನೆ ಎನ್ನುವ ಐಪಿ68 ದರ್ಜೆಯದು ಬರಲು 2025ರ ಗೂಗಲ್ ಫೋಲ್ಡ್‌ವರೆಗೆ ಕಾಯಬೇಕಾಯಿತು.

ಇನ್ನೊಂದು ವಿಚಿತ್ರವಿದೆ. ನನ್ನದಕ್ಕೆ ಹೊರಗೂ ಪೂರ್ತಿ ಪರದೆ ಇರುವುದರಿಂದ ದಿನಕ್ಕೆ ಇಪ್ಪತ್ತು ಮೂವತ್ತು ಸಲಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಪಿಡಿಎಫ್, ಎಕ್ಸೆಲ್, ಮ್ಯಾಪ್, ಅಷ್ಟೇ. ಅವಳು ಏನು ಮಾಡಬೇಕಿದ್ದರೂ ತೆರೆಯಲೇಬೇಕು, ನೂರು ಸಲ ಸುಲಭವಾಗಿ ದಾಟುತ್ತದೆ. ಹಾಗಾಗಿ ವಯಸ್ಸಿನಲ್ಲಿ ಚಿಕ್ಕದಾದ ಅವಳ ಫೋನು ಮಡಿಕೆಯ ಲೆಕ್ಕದಲ್ಲಿ ನನ್ನದಕ್ಕಿಂತ ಮೂರು ಪಟ್ಟು ಹಿರಿಯದು. ಆದರೂ ಪರದೆ ಸೊರಗಿರುವುದು ನನ್ನದೇ. ಗೆರೆಯ ಮೇಲಿನ ರಕ್ಷಣೆಯ ಹಾಳೆ ಒಮ್ಮೆ ಗುಳ್ಳೆ ಎದ್ದು ಬದಲಾಯಿಸಿದ್ದೇನೆ. ಪುಣೆಯ ಡಿಸೆಂಬರ್ ಬೆಳಗಿನ ಚಳಿಯಲ್ಲಿ ತೆರೆದರೆ ಹಪ್ಪಳ ಮುರಿದಂಥ ಒಂದು ಸಣ್ಣ ಸದ್ದು ಬರುತ್ತದೆ. ಮೇಲುಗಡೆ, ಗೆರೆ ಅಂಚನ್ನು ಮುಟ್ಟುವಲ್ಲಿ, ಒಂದು ನಿರ್ದಿಷ್ಟ ಓರೆಯಲ್ಲಿ ಹಿಡಿದರೆ ಮಾತ್ರ ಕಾಣುವ ಕೂದಲೆಳೆಯಷ್ಟು ಮಸುಕು ಇದೆ. ಪರದೆ ಉರಿಯುವಾಗ ಅದು ಕಾಣುವುದಿಲ್ಲ. ಅಂಗಡಿಯವನಿಗೂ ಕಾಣಲಿಲ್ಲ. ನನಗೆ ಕಾಣುತ್ತದೆ, ಏಕೆಂದರೆ ಅದು ಇಲ್ಲದಿದ್ದ ದಿನಗಳನ್ನೂ ನಾನು ನೋಡಿದ್ದೇನೆ.

ನಾನು ಎಂಟೆಕ್ ಮಾಡಿದ್ದು ಮಶಿನ್ ಡಿಸೈನ್‌ನಲ್ಲಿ. ಹೊಟ್ಟೆ ಹೊರೆಯುತ್ತಿರುವುದು ಸಾಫ್ಟ್‌ವೇರ್‌ನಲ್ಲಿ. ಅಲ್ಲಿ ಓದಿದ್ದರಲ್ಲಿ ಈಗಲೂ ನೆನಪಿರುವುದು ದಣಿವಿನ ಪಾಠ. ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಿದ್ದರೆ ಒಂದು ಗಳಿಗೆಯಲ್ಲಿ ಮುರಿಯುತ್ತದೆ, ಹಿಂದಿನ ಗಳಿಗೆಯವರೆಗೂ ಚೆನ್ನಾಗಿಯೇ ಕಾಣುತ್ತಿರುತ್ತದೆ. ಒಂದೇ ಅಳತೆ, ಒಂದೇ ಲೋಹದ ಹತ್ತು ತುಂಡುಗಳನ್ನು ಒಂದೇ ಯಂತ್ರಕ್ಕೆ ಕೊಟ್ಟರೂ ಹತ್ತೂ ಬೇರೆ ಬೇರೆ ಎಣಿಕೆಗೆ ಮುರಿಯುತ್ತವೆ. ಸ್ಯಾಮ್‌ಸಂಗ್ ಮೊದಮೊದಲು ಹೇಳುತ್ತಿದ್ದುದು 2 ಲಕ್ಷ ಮಡಿಕೆ, ದಿನಕ್ಕೆ ನೂರರಂತೆ ಐದು ವರ್ಷ. 2023ರ ಒನ್‌ಪ್ಲಸ್ ಓಪನ್ 10 ಲಕ್ಷ ಎಂದಿತು, 2025ರ ಫೋಲ್ಡ್ 7 ಐದು ಲಕ್ಷ. ಇವೆಲ್ಲ ಆ ಮಾದರಿಯ ಬಗ್ಗೆ ಹೇಳುವ ಸಂಖ್ಯೆಗಳು, ನನ್ನ ಕೈಯಲ್ಲಿರುವ ಈ ಒಂದು ಫೋನಿನ ಬಗ್ಗೆ ಅಲ್ಲ. 2020ರಲ್ಲಿ ಸಿನೆಟ್‌ನವರು ಮೋಟೊರೋಲಾ ರೇಜರ್ ಅನ್ನು ಮಡಚುವ ಯಂತ್ರಕ್ಕೆ ಕೊಟ್ಟಾಗ ಸುಮಾರು 27,000ಕ್ಕೇ ಹಿಂಜ್ ಬಿಗಿದುಕೊಂಡಿತು. ಆ ಯಂತ್ರ ನಮ್ಮ ಫೋನಿಗೆ ತಕ್ಕದ್ದಲ್ಲ, ಹಿಂಜ್ ಮೇಲೆ ಅತಿಯಾದ ಒತ್ತಡ ಹಾಕುತ್ತದೆ ಎಂದು ಕಂಪನಿ ಆಕ್ಷೇಪಿಸಿತು. ಅಂದರೆ ಎಷ್ಟು ಸಲ ಎನ್ನುವುದರ ಜೊತೆಗೆ ಯಾರ ಕೈ ಎನ್ನುವುದೂ ಲೆಕ್ಕಕ್ಕಿದೆ.

ಸಾಮಾನ್ಯ ಫೋನು ತನ್ನ ವಯಸ್ಸನ್ನು ಮುಚ್ಚಿಡುವುದಿಲ್ಲ. ಗೀರು ಕಾಣುತ್ತದೆ, ಬ್ಯಾಟರಿ ಇಳಿಯುವುದು ಅರ್ಧ ದಿನದಲ್ಲಿ ತಿಳಿಯುತ್ತದೆ. ಮಡಚುವ ಫೋನಿನ ಮುಖ್ಯ ವಿಷಯ ಬಳಸಿದವನಿಗೆ ಮಾತ್ರ ಗೊತ್ತು, ಅವನಿಗೂ ಅನುಮಾನವಾಗಿ ಮಾತ್ರ ಗೊತ್ತು. ನನ್ನನ್ನು ಕಾಡಿದ್ದು ಈ ಅನುಮಾನದ ಪ್ರಶ್ನೆ. ಅದನ್ನು ಮುಂದಿನವನಿಗೆ ದಾಟಿಸುವುದು ನನ್ನ ಹೊಣೆಯೇ?

ಫೋನು ಕೇಳಿದವನು ಪಕ್ಕದ ಟೀಮಿನ ಹುಡುಗ, ಗದಗಿನವನು. ಹಿಂಜವಡಿಯಲ್ಲಿ ಮೂವರ ಜೊತೆ ರೂಮು. ಕೆಲಸದ ಜೊತೆ ಗೇಟ್ ಪರೀಕ್ಷೆಗೆ ಓದುತ್ತಾನೆ, ಬಸ್ಸಿನಲ್ಲಿ ಪಿಡಿಎಫ್ ಓದಲು ದೊಡ್ಡ ಪರದೆ ಬೇಕು. ಮೂವತ್ತೈದು ಸಾವಿರಕ್ಕೆ ಮಾತಾಯಿತು. ಅವನ ಸಂಬಳದಲ್ಲಿ ಊರಿಗೆ ಕಳಿಸುವುದು ಕಳೆದರೆ ಅದು ಎರಡು ತಿಂಗಳ ದುಡ್ಡು. ನಾನು ಫೋನಿನ ಬಗ್ಗೆ ಹೇಳಲು ಬಾಯಿ ತೆರೆದೆ. ಅವನೇ ತಡೆದ: “ನೀವು ಬಳಸಿದ್ದು ಅಂದ್ಮ್ಯಾಲೆ ಕೇಳೋದೇನೈತ್ರಿ ಸರ್? ಏನರ ಇದ್ರ ನೀವ ಹೇಳ್ತಿದ್ರಿ.”

ಈ ಮಾತು ಹೆಚ್ಚುಕಮ್ಮಿ ಹೀಗೇ ನಮ್ಮ ಕಾನೂನಿನಲ್ಲಿದೆ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮು ವಂಚನೆ ಎಂದರೇನು ಎಂದು ಹೇಳಿ ಕೆಲವು ಉದಾಹರಣೆ ಕೊಡುತ್ತದೆ. ಒಬ್ಬ ತನ್ನ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ, ಅದರಲ್ಲಿ ದೋಷವಿದೆಯೆಂದು ಅವನಿಗೆ ಗೊತ್ತು, ಸುಮ್ಮನಿರುತ್ತಾನೆ. ಇದು ವಂಚನೆಯಲ್ಲ. ಕೊಳ್ಳುವವಳು ಅವನದೇ ಮಗಳು, ಈಗಷ್ಟೇ ವಯಸ್ಕಳಾದವಳು. ಆಗ ಸಂಬಂಧದಿಂದಲೇ ಹೇಳುವ ಹೊಣೆ ಬರುತ್ತದೆ. ಇನ್ನು ಕೊಳ್ಳುವವನು, ನೀನು ಇಲ್ಲ ಅನ್ನದಿದ್ದರೆ ಕುದುರೆ ಸರಿಯಿದೆ ಅಂತಲೇ ತಿಳಿಯುತ್ತೇನೆ ಎಂದು ಹೇಳಿದಾಗ ಮಾರುವವನು ಸುಮ್ಮನಿದ್ದರೆ? ಆ ಮೌನ ಮಾತಿಗೆ ಸಮ. ಸಂಬಳ ಪರಿಷ್ಕರಣೆಯ ಕಾಗದಗಳನ್ನು ಓದಿ ಬೇಸತ್ತ ನನಗೆ ಒಂದು ಕಾಯ್ದೆ ಇಷ್ಟು ಚೆನ್ನಾಗಿ ಕತೆ ಹೇಳಬಲ್ಲದು ಎಂದು ಗೊತ್ತಿರಲಿಲ್ಲ. ಗದಗಿನ ಹುಡುಗ ತನಗೇ ತಿಳಿಯದಂತೆ ನನ್ನನ್ನು ಮೊದಲ ಕುದುರೆಯಿಂದ ಇಳಿಸಿ ಮೂರನೆಯದರ ಮೇಲೆ ಕೂರಿಸಿದ್ದ.

ಆದರೆ ಕಾನೂನು ಮಾತಾಡುವುದು ಗೊತ್ತಿರುವ ದೋಷದ ಬಗ್ಗೆ. ನನಗೆ ಗೊತ್ತಿದ್ದುದು ದೋಷವಲ್ಲ, ಒಂದು ಸದ್ದು, ಒಂದು ಮಸುಕು. ಫೋನು ಕೆಲಸ ಮಾಡುತ್ತಿದೆ. ಇನ್ನೂ ಮೂರು ವರ್ಷ ಮಾಡಲೂಬಹುದು. ನನ್ನ ಅನುಮಾನ ಹೇಳಿ ಅವನು ಕೊಳ್ಳದೆ ಹೋದರೆ, ಕೊನೆಗೆ ಅನುಮಾನವೇ ಸುಳ್ಳಾದರೆ, ಒಳ್ಳೆಯ ಫೋನೊಂದು ಅವನಿಗೆ ತಪ್ಪಿತು, ನನಗೆ ದುಡ್ಡು ತಪ್ಪಿತು. ಹೆಂಡತಿಯ ವಾದ ಇನ್ನೂ ನೇರ: “ನೀವು ಹೊಸಾದು ತಗೊಂಡಾಗ ಅಂಗಡಿಯಾಂವ ನಿಮಗ ಇಷ್ಟೆಲ್ಲ ಹೇಳಿದ್ನೇನ್ರಿ?” ಹೇಳಿರಲಿಲ್ಲ. ಅಂಗಡಿಯವನಿಗೆ ಆ ಡಬ್ಬಿಯೊಳಗಿನ ಫೋನಿನ ಬಗ್ಗೆ ನನಗಿಂತ ಹೆಚ್ಚೇನೂ ಗೊತ್ತಿರಲಿಲ್ಲ. ನನಗೆ ಈಗ ಗೊತ್ತಿದೆ. ವ್ಯತ್ಯಾಸ ಇರುವುದು ಅಲ್ಲಿ ಅನಿಸಿತು, ಅದನ್ನು ಅವಳಿಗೆ ಒಪ್ಪಿಸಲು ಆಗಲಿಲ್ಲ.

ಈ ಜಗಳ ಹಳೆಯದು. ಕ್ರಿಸ್ತಪೂರ್ವ 44ರಲ್ಲಿ ಸಿಸೆರೊ ಮಗನಿಗೆಂದು ಬರೆದ ಕರ್ತವ್ಯಗಳ ಪುಸ್ತಕದ ಮೂರನೇ ಭಾಗದಲ್ಲಿ ಒಬ್ಬ ವ್ಯಾಪಾರಿ ಬರುತ್ತಾನೆ. ರೋಡ್ಸ್ ದ್ವೀಪದಲ್ಲಿ ಬರಗಾಲ, ಅವನು ಅಲೆಕ್ಸಾಂಡ್ರಿಯಾದಿಂದ ಧಾನ್ಯ ತಂದಿದ್ದಾನೆ. ಹಿಂದೆಯೇ ಇನ್ನಷ್ಟು ಧಾನ್ಯದ ಹಡಗುಗಳು ಬರುತ್ತಿರುವುದು ಅವನಿಗೆ ಮಾತ್ರ ಗೊತ್ತು. ಹೇಳಬೇಕೇ, ಸುಮ್ಮನಿದ್ದು ಹೆಚ್ಚಿನ ಬೆಲೆಗೆ ಮಾರಬೇಕೇ? ಡಯೊಜೆನಿಸ್ ಎಂಬ ಗುರು ಹೇಳುತ್ತಾನೆ, ಕಾನೂನು ಹೇಳು ಎಂದಷ್ಟು ಹೇಳಿದರೆ ಸಾಕು, ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ. ಅವನ ಶಿಷ್ಯ ಆ್ಯಂಟಿಪೇಟರ್ ಒಪ್ಪುವುದಿಲ್ಲ, ಮಾರುವವನಿಗೆ ತಿಳಿದದ್ದೆಲ್ಲ ಕೊಳ್ಳುವವನಿಗೂ ತಿಳಿಯಬೇಕು ಎನ್ನುತ್ತಾನೆ. ಸಿಸೆರೊ ಶಿಷ್ಯನ ಕಡೆ. ನಾನು ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಹಗಲಿಡೀ ಡಯೊಜೆನಿಸ್ ಕಡೆಯವನು. ಕ್ಲೈಂಟ್ ಕೇಳಿದ್ದಕ್ಕೆ ಉತ್ತರ, ಕೇಳದ್ದಕ್ಕೆ ಮುಗುಳ್ನಗೆ. ಆದರೆ ಕ್ಲೈಂಟ್ ಬಳಿ ವಕೀಲರಿದ್ದಾರೆ, ಆಡಿಟರುಗಳಿದ್ದಾರೆ, ನಾನು ಹೇಳದ್ದನ್ನು ಹುಡುಕುವುದೇ ಅವರ ಕೆಲಸ.

ಹಾವೇರಿ ಕಡೆಯ ದನದ ಸಂತೆಯಲ್ಲಿ ಎತ್ತು ಕೊಳ್ಳುವವರು ಮೊದಲು ನೋಡುವುದು ಹಲ್ಲು. ಎರಡು ಹಲ್ಲು, ನಾಲ್ಕು, ಆರು ಎಂದು ವಯಸ್ಸು ಹೇಳಬಹುದು. ಎಲ್ಲ ಹಲ್ಲೂ ಬಂದು ಬಾಯಿ ಕೂಡಿತೆಂದರೆ ಆಮೇಲಿನ ವಯಸ್ಸನ್ನು ಅಷ್ಟು ಸುಲಭವಾಗಿ ಹೇಳಲಾಗುವುದಿಲ್ಲ, ಸಾಕಿದವನ ಮಾತನ್ನೇ ನಂಬಬೇಕು. ಮಾರುವವನು ಒಂದು ಮಾತಿನಲ್ಲಿ ಎಷ್ಟು ಕಳೆದುಕೊಳ್ಳುತ್ತಾನೆ, ಕೊಳ್ಳುವವನು ಎಷ್ಟು ಕಳೆದುಕೊಳ್ಳುತ್ತಾನೆ ಎನ್ನುವುದನ್ನು ಸಂತೆಯವರು ಚೆನ್ನಾಗಿ ಬಲ್ಲರು. ಉಳುಮೆಯ ನಡುವೆ ಎತ್ತು ಕೂತುಬಿಟ್ಟರೆ ಕೊಂಡವನ ಆ ವರ್ಷದ ಬೆಳೆಗೇ ಹೊಡೆತ.

ಫೋನಿನ ವಿಷಯದಲ್ಲೂ ನನಗೆ ತೂಕ ಬಿದ್ದದ್ದು ಅಲ್ಲೇ. ಪರದೆ ಹೋಗುವ ಸಾಧ್ಯತೆ ನನ್ನ ಜೇಬಿನಲ್ಲೂ ಅವನ ಜೇಬಿನಲ್ಲೂ ಅಷ್ಟೇ. ಹೋದರೆ ನನಗೆ ಒಂದು ವಾರದ ಕಿರಿಕಿರಿ, ಅವನಿಗೆ ಎರಡು ತಿಂಗಳ ದುಡ್ಡು. ಒಳಗಿನ ಪರದೆ ಬದಲಾಯಿಸುವ ಖರ್ಚು ಹಳೆಯ ಫೋನಿನ ಬೆಲೆಯ ಹತ್ತಿರಕ್ಕೇ ಬರುತ್ತದೆ. ಅನುಮಾನ ಎಷ್ಟು ಸಣ್ಣದಾದರೂ, ಅದು ನಿಜವಾದರೆ ಯಾರು ತಡೆದುಕೊಳ್ಳಲಾರರೋ ಅವರಿಗೆ ಅದನ್ನು ಹೇಳಬೇಕಾದ ಹೊಣೆ ದೊಡ್ಡದಾಗುತ್ತದೆ. ಇದಕ್ಕೆ ಸೂತ್ರ ಬರೆಯಲಾರೆ, ಆದರೆ ಹೀಗೇ ಎಂದು ಖಾತ್ರಿಯಿದೆ.

ಹಾಗಾದರೆ ಹಳೇ ಫೋನು ಕೊಳ್ಳುವ ಕಂಪನಿಗೆ ಮಾರಿದರೆ ತಂಟೆಯೇ ಇಲ್ಲವಲ್ಲ? ಅವರ ಆ್ಯಪ್ ಪ್ರಶ್ನೆ ಕೇಳುತ್ತದೆ: ಪರದೆಯಲ್ಲಿ ಗೆರೆ ಇದೆಯೇ, ಚುಕ್ಕೆ ಇದೆಯೇ, ಟಚ್ ಸರಿಯಿದೆಯೇ. ಎಲ್ಲಕ್ಕೂ ನಿಜವನ್ನೇ ಹೇಳಿದೆ, ಇಪ್ಪತ್ತೆರಡು ಸಾವಿರ ಎಂದು ಬಂತು. ಚಳಿಯ ಸದ್ದಿನ ಬಗ್ಗೆ ಪ್ರಶ್ನೆಯೇ ಇರಲಿಲ್ಲ. ಅವರು ಪರಿಣತರು, ನೂರಾರು ಫೋನುಗಳ ಮೇಲೆ ನಷ್ಟ ಹಂಚಿಕೊಳ್ಳುವವರು, ಅವರಿಗೆ ನಾನೇನೂ ಬಾಕಿಯಿಲ್ಲ. ಆದರೆ ಅವರೂ ಅದನ್ನು ಒರೆಸಿ ಮತ್ತೊಬ್ಬ ಹುಡುಗನಿಗೇ ಮಾರುತ್ತಾರೆ. ಅವನು ಗದಗಿನವನೋ ಗೋರಖ್‌ಪುರದವನೋ, ಅವನ ಮುಖ ನನಗೆ ಕಾಣುವುದಿಲ್ಲ. ಆ್ಯಂಟಿಪೇಟರ್ ಇದನ್ನು ಒಪ್ಪುತ್ತಿರಲಿಲ್ಲ. ನನ್ನ ಬಳಿಯೂ ಅದಕ್ಕೆ ಉತ್ತರವಿಲ್ಲ.

ನಮ್ಮಲ್ಲಿ ಪ್ರಾಜೆಕ್ಟ್ ಬಿಟ್ಟು ಹೋಗುವವರು ಕೆಟಿ ಕೊಡಬೇಕು. ಅದರಲ್ಲಿ ಎಲ್ಲರೂ ಹುಡುಕುವ ಪುಟ ಒಂದೇ, ಗೊತ್ತಿರುವ ತೊಂದರೆಗಳ ಪಟ್ಟಿ. ಹುಡುಗನಿಗೆ ಅಂಥದೇ ಒಂದು ಪುಟ ಬರೆದುಕೊಟ್ಟೆ. ಸದ್ದು, ಮಸುಕು, ಸಡಿಲಾದ ಹಿಂಜ್, ಹಾಳೆ ಬದಲಾಯಿಸಿದ ತಿಂಗಳು, ಮಸುಕನ್ನು ನೋಡಲು ಹಿಡಿಯಬೇಕಾದ ಓರೆ. ಯಾವುದು ಕಂಡದ್ದು, ಯಾವುದು ಬರೀ ನನ್ನ ಊಹೆ ಎಂದೂ ಬೇರೆ ಬೇರೆ ಬರೆದೆ. ಕ್ಯಾಂಟೀನಿನಲ್ಲಿ ಕೂತು ಎರಡು ಸಲ ಓದಿದ. ಫೋನನ್ನು ಓರೆ ಮಾಡಿ ಮಸುಕು ಹುಡುಕಿದ, ಸಿಕ್ಕಿತು. ಭಾವುಕನಾಗುತ್ತಾನೇನೋ ಎಂದು ನಾನು ಕಾದೆ. “ಹಂಗಾರ ಎಷ್ಟ್ ಕಮ್ಮಿ ಮಾಡ್ತೀರಿ ಸರ್?” ಎಂದ.

ಇಪ್ಪತ್ತನಾಲ್ಕು ಸಾವಿರ, ಎರಡು ಕಂತು. ಆರು ತಿಂಗಳೊಳಗೆ ಒಳಪರದೆ ಹೋದರೆ ಅರ್ಧ ಖರ್ಚು ನನ್ನದು. ಈ ಕೊನೆಯ ಷರತ್ತು ಮನೆಯಲ್ಲಿ ಇನ್ನೂ ಚರ್ಚೆಯಲ್ಲಿದೆ. ಹೆಂಡತಿ ತನ್ನದನ್ನು ಮಾರುವುದೇ ಇಲ್ಲವಂತೆ, ಕರಕರ ಅನ್ನುತ್ತಲೇ ನಿಂತುಹೋಗುವವರೆಗೆ ಬಳಸುತ್ತಾಳಂತೆ.